ಎಡಕ್ಕೆ ಎಳೆಯುವ ಗಾಡಿಗಳು

ನಮ್ಮ ಮನೆಗೆ ಮುಂಬಾಗಿಲು ಎನ್ನುವುದು ಇರಲಿಲ್ಲ. ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಮಗ್ಗುಲಲ್ಲಿ ಅಪ್ಪನ ಗ್ಯಾರೇಜಿತ್ತು. ಅದರ ತಗಡಿನ ಚಪ್ಪರದ ಕೆಳಗೆ ನಿಂತ ಕಾರುಗಳ ನಡುವೆ ನುಸುಳಿ, ಮೈ ಒರಸಿಕೊಂಡು ಹೋಗುವಷ್ಟೇ ಅಗಲವಿದ್ದ ಒಂದು ಸಂದಿಯನ್ನು ದಾಟಿದರೆ ನಮ್ಮ ಅಡುಗೆಮನೆ. ಮದುವೆಯ ಕರೆಯೋಲೆ ಕೊಡಲು ಬಂದವರೂ ಗ್ರೀಸಿನ ಡಬ್ಬಿ ದಾಟಿಯೇ ಒಳಗೆ ಬರಬೇಕಿತ್ತು. ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಮಲಗುತ್ತಿದ್ದೆವು; ಇನ್ನೊಂದರಲ್ಲಿ ಒಲೆ, ಊಟ, ನನ್ನ ಓದು, ಅಪ್ಪನ ಪೂಜೆ ಎಲ್ಲವೂ. ಆ ಸಂದಿಯ ಗೋಡೆಗೆ ತಿಳಿನೀಲಿ ಸುಣ್ಣ ಹೊಡೆದಿತ್ತು ಎಂದು ನಾನು ಎಲ್ಲೋ ಬರೆದಿಟ್ಟಿದ್ದೇನೆ. ಅವ್ವ ಮಾತ್ರ ಅದು ಯಾವತ್ತೂ ಬಿಳಿ ಎನ್ನುತ್ತಾಳೆ. ನಾನು ದಿನಚರಿ ಬರೆಯಲು ಶುರುಮಾಡಿದ್ದು ಕಾಲೇಜು ಸೇರಿದ ಮೇಲೆ. ಹಾಗಾಗಿ ಈ ಅಧ್ಯಾಯಕ್ಕೆ ಕಾಗದದ ಸಾಕ್ಷಿಯಿಲ್ಲ. ನನ್ನ ನೆನಪು ಇದೆ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಗೋಡೆಯ ಬಣ್ಣವನ್ನೇ ತಪ್ಪಾಗಿ ನೆನಪಿಟ್ಟವಳು ಇನ್ನೇನೇನು ತಪ್ಪಾಗಿ ನೆನಪಿಟ್ಟಿದ್ದೇನೋ.

ಅಪ್ಪ ಎಲ್ಲ ರಿಪೇರಿಯನ್ನೂ ಮಾಡುತ್ತಿದ್ದ. ಆದರೆ ಹರಿಹರ, ಆನಗೋಡುಗಳಿಂದ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಒಂದೇ ದೂರಿಗೆ: ಗಾಡಿ ನೆಟ್ಟಗೆ ಹೋಗುವುದಿಲ್ಲ. ಬಂದವರನ್ನು ಅವನು ಮೊದಲು ಮರದ ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ನಟ್ಟು ತಿರುಗಿಸುವ ಪಾನಾ ಮುಟ್ಟುವ ಮೊದಲು ಮಾತು.

"ಗಾಡಿ ಎಳೀತೈತೆ ಮಿಸ್ತ್ರಿ."

"ಎಳೀತೈತೋ, ಅಲೀತೈತೋ?"

"ಅದಕ್ಕೂ ಇದಕ್ಕೂ ಏನ್ ಫರಕು?"

"ಎಳೆಯೋದು ಹಠಮಾರಿ ಎತ್ತು ಇದ್ದಂಗೆ, ಒಂದೇ ಕಡೆ ಹೋಗ್ತೈತೆ. ಅಲೆಯೋದು ಕುಡುಕ ಇದ್ದಂಗೆ, ರಸ್ತೆ ಎಲ್ಲಾ ಅವಂದೇ. ಎತ್ತಿನ ಔಷಧಿ ಕುಡುಕಗ ಹಾಕಿದ್ರೆ ಇಳೀತೈತೇನ್ರಿ?"

ಅಲೆಯುವ ಗಾಡಿಯಾದರೆ ಮುಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಿದ್ದ, ಆಮೇಲೆ ಎಡಬಲಕ್ಕೆ. ಎಲ್ಲೋ ಒಂದು ಕೀಲು ಸವೆದು 'ಟಕ್' ಎನ್ನುತ್ತಿತ್ತು. ಎಳೆಯುವ ಗಾಡಿ ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಿರಲಿಲ್ಲ. ಬೆಳಗಿನ ತಂಪಿನಲ್ಲಿ ಟೈರುಗಳ ಗಾಳಿ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತದೆಯೋ, ಸುಮ್ಮನೆ ಹೋಗುವಾಗಲೂ ಎಳೆಯುತ್ತದೆಯೋ ಕೇಳಬೇಕು. ಸ್ವಲ್ಪ ದೂರ ಓಡಿಸಿ ಬಂದು ಮುಂದಿನ ಎರಡೂ ಚಕ್ರಗಳ ಬಳಿ ಅಂಗೈ ಹಿಡಿಯಬೇಕು. ಒಂದು ಹೆಚ್ಚು ಬಿಸಿಯಾಗಿದ್ದರೆ ಆ ಕಡೆಯ ಬ್ರೇಕ್ ಬಿಡದೆ ಕಚ್ಚಿಕೊಂಡಿದೆ ಎಂದರ್ಥ. ಆಮೇಲೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ ನೋಡಬೇಕು. ಎಳೆತ ಮಗ್ಗುಲು ಬದಲಿಸಿದರೆ ದೋಷ ಟೈರಿನದು. ಬದಲಿಸದಿದ್ದರೆ ಟೈರಿನ ಮೇಲೆ ಸುಮ್ಮನೆ ಅಪವಾದ ಹೊರಿಸಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಮುಟ್ಟಿದರೆ ಯಾವುದರಿಂದ ವಾಸಿಯಾಯಿತೆಂದು ದೇವರಿಗೂ ತಿಳಿಯುವುದಿಲ್ಲ ಎನ್ನುತ್ತಿದ್ದ. ಕೊನೆಗೆ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಬಿಳಿ ದಾರ ಎಳೆದು, ಒಂದು ಕಣ್ಣು ಮುಚ್ಚಿ, ಚಕ್ರ ಎಷ್ಟು ಓರೆ ನಿಂತಿದೆ ಎಂದು ಅಳೆಯುತ್ತಿದ್ದ. ದಾರದ ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ಮುಂದೆ ನಾನು ಭೌತಶಾಸ್ತ್ರ ಓದಿ, ಪ್ರಯೋಗಶಾಲೆಯಲ್ಲಿ ಹುಡುಗಿಯರಿಗೆ ಪಾಠ ಹೇಳುವಾಗ ಇದನ್ನೆಲ್ಲ ಬೇರೆ ಮಾತಿನಲ್ಲಿ ಹೇಳಿದೆ. ಆದರೆ ಅಪ್ಪ ನಿಜವಾಗಿ ಇಷ್ಟು ಅಚ್ಚುಕಟ್ಟಾಗಿ ಹೇಳುತ್ತಿದ್ದನೋ ಅಥವಾ ನನ್ನ ಪಾಠವೇ ಹಿಂದಕ್ಕೆ ಹೋಗಿ ಅವನ ಬಾಯಿಯಲ್ಲಿ ಕುಳಿತಿದೆಯೋ ನನಗೆ ಅನುಮಾನವಿದೆ.

ಕೊನೆಯ ಪರೀಕ್ಷೆ ಹರಿಹರದ ರಸ್ತೆಯಲ್ಲಿ. ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ. ಎಡಕ್ಕೆ ಓಡಿಸಿದರೆ ಎಂಥ ಗಾಡಿಯೂ ಕೊಂಚ ಎಡಕ್ಕೆ ಜಾರುತ್ತದೆ. ಅದಕ್ಕೇ ಎದುರಿಗೆ ಯಾರೂ ಇಲ್ಲದ ಕಡೆ ನಡುರಸ್ತೆಗೆ ತಂದು ನೋಡುತ್ತಿದ್ದ. ಮೊದಮೊದಲು ಸ್ಟೀರಿಂಗಿನಿಂದ ಎರಡೂ ಕೈ ತೆಗೆದುಬಿಡುತ್ತಿದ್ದನಂತೆ. ಒಂದು ಸಲ ನನ್ನನ್ನೂ ಕೂರಿಸಿಕೊಂಡು ಹಾಗೆ ಮಾಡಿದ. ನಾನು ಮನೆಗೆ ಬಂದು, ನಮ್ಮಪ್ಪ ಕೈಯಿಲ್ಲದೆ ಕಾರು ಹೊಡೆಯುತ್ತಾನೆ ಎಂದು ಜಂಬ ಕೊಚ್ಚಿದೆ. ಅವ್ವ ಒಲೆ ಆರಿಸಿ ಎದ್ದು ಬಂದಳು. ಅಪ್ಪನ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿ, ಓಡುವ ಗಾಡಿಯಲ್ಲಿ ಇನ್ನೆಂದೂ ಎರಡೂ ಕೈ ಬಿಡುವುದಿಲ್ಲ ಎಂದು ಆಣೆ ಮಾಡಿಸಿದಳು. ಅಂದಿನಿಂದ ಅವನು ಎರಡು ಅಂಗೈಗಳನ್ನು ಸ್ಟೀರಿಂಗಿನ ಎರಡು ಮಗ್ಗುಲಿಗೆ ಸುಮ್ಮನೆ ತಾಗಿಸಿಟ್ಟುಕೊಂಡು ನೋಡುವುದನ್ನು ರೂಢಿಸಿಕೊಂಡ. ಅದನ್ನೇ ಹೆಮ್ಮೆ ಮಾಡಿಕೊಂಡ. ಕೈ ಬಿಟ್ಟು ನೋಡುವುದು ಕಲಿಯುವವರ ಕೆಲಸ, ಬಲ್ಲವನಿಗೆ ಗಾಡಿ ಅಂಗೈಯಲ್ಲೇ ಹೇಳುತ್ತದೆ ಎನ್ನುತ್ತಿದ್ದ. ನಾವೂ ನಂಬಿದ್ದೆವು. ಊರೂ ನಂಬಿತ್ತು.

ನಾನು ಆರನೆಯ ತರಗತಿಯಲ್ಲಿದ್ದಾಗ, ಬಂದ ಗಾಡಿಗಳೆಲ್ಲ ಎಡಕ್ಕೇ ಎಳೆಯತೊಡಗಿದವು. ಬಲಕ್ಕೆ ಎಳೆಯುತ್ತದೆಂದು ಬಂದದ್ದನ್ನು ಅಪ್ಪ ಓಡಿಸಿ ನೋಡಿ, ಇಲ್ಲವಲ್ಲ, ನೆಟ್ಟಗೇ ಇದೆ ಎನ್ನುತ್ತಿದ್ದ. ಬ್ರೇಕ್ ಸರಿಮಾಡಿಸಲು ಬಂದದ್ದನ್ನೂ ಓಡಿಸಿ, ಇದು ಎಡಕ್ಕೆ ಹೋಗುತ್ತದೆ ಎಂದು ಒಳಗೆ ತೆಗೆದುಕೊಳ್ಳುತ್ತಿದ್ದ. ಟೈರು ಅದಲುಬದಲು ಮಾಡಿದರೂ ಎಡಕ್ಕೆ. ಚಕ್ರ ಬಿಸಿಯಿಲ್ಲ, ದಾರ ನೇರವಿದೆ, ಆದರೂ ಎಡಕ್ಕೆ. ಆಗ ಅವನು ಚಕ್ರದ ತೋಳಿನ ಹಿಂದೆ ತೆಳು ತಗಡಿನ ಚೂರು ಇಟ್ಟು, ಚಕ್ರ ನಿಂತ ವಾಲನ್ನು ಕೂದಲಷ್ಟು ಬದಲಿಸಿ, ತನ್ನ ಅಂಗೈಗೆ ಸಮಾಧಾನವಾಗುವ ತನಕ ಓಡಿಸಿ ಕಳಿಸುತ್ತಿದ್ದ. ಊಟಕ್ಕೆ ಕುಳಿತಾಗ ಹರಿಹರದ ರಸ್ತೆಯನ್ನು ಬೈಯುತ್ತಿದ್ದ. ಅವ್ವ ಅವನನ್ನು ಬೈಯುತ್ತಿದ್ದುದು ಬೇರೆ ಕಾರಣಕ್ಕೆ.

"ಏನ್ರಿ, ಸಂದಿ ಗ್ವಾಡಿ ನೋಡಿದ್ರಾ? ಭುಜದೆತ್ತರಕ್ಕೆ ಎಣ್ಣಿ ಪಟ್ಟೆ ಎಳ್ದಂಗೆ ಐತೆ. ಎಮ್ಮಿನಾದ್ರೂ ನೆಟ್ಟಗೆ ಹೋಗ್ತೈತೆ."

"ಸಂದಿ ಸಣ್ಣದೈತೆ. ನಾ ಏನ್ ಮಾಡ್ಲಿ?"

"ಇಷ್ಟು ವರ್ಷ ಸಣ್ಣದಿರಲಿಲ್ಲೇನು? ಚಂಬು ಬ್ಯಾರೆ ಕೈ ಜಾರಿ ನೆಗ್ಗಿಸಿದ್ರಿ. ನಮ್ಮವ್ವ ಕೊಟ್ಟ ಚಂಬು."

"ನಿಮ್ಮವ್ವ ಕೊಟ್ಟಿದ್ರಾಗ ನೆಗ್ಗಲಾರದ್ದು ನೀನೊಬ್ಬಾಕಿ."

ಅವ್ವ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು.

ನಾನು ನಗಲಿಲ್ಲ. ಅಥವಾ, ನಗಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಯಾಕೆಂದರೆ ಆ ಹೊತ್ತಿಗೆ ನನಗೊಂದು ವಿಷಯ ಗೊತ್ತಿತ್ತು. ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಣೆಯ ಮೇಲೆ ಕುಳಿತು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಿದ್ದ. ಬಿಲ್ವಪತ್ರೆಯ ತಟ್ಟೆ ಹಿಡಿದು ಅವನೆದುರು ಕೂರುವುದು ನನ್ನ ಪಾಲಿನ ಸೇವೆ. ಎದೆಯ ಮಟ್ಟಕ್ಕೆ ಎತ್ತಿ ಹಿಡಿದ ಅಂಗೈಯನ್ನು ಅವನು ಎವೆಯಿಕ್ಕದೆ ನೋಡುತ್ತ ಕೂರುತ್ತಿದ್ದ. ಅಷ್ಟು ಹೊತ್ತೂ ಆ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಒಂದು ದಿನ ಅದು ಇಳಿಯತೊಡಗಿತು. ನಡುಗಲಿಲ್ಲ, ತೂಕ ಹೆಚ್ಚಾದ ತಕ್ಕಡಿಯ ತಟ್ಟೆಯಂತೆ ನಿಧಾನವಾಗಿ ಇಳಿಯಿತು. ಅಪ್ಪನಿಗೆ ಅದು ತಿಳಿದದ್ದು ಲಿಂಗ ಕಣ್ಣಿನ ನೇರದಿಂದ ತಪ್ಪಿದ ಮೇಲೆ. ಅವನು ಮೊಣಕೈಯನ್ನು ತೊಡೆಗೆ ಊರಿದ. ಮರುದಿನ ಅದೂ ಸಾಲಲಿಲ್ಲ. ಲಿಂಗ ಜಾರಿ ಬೀಳುವುದೆಂದರೆ ನಮ್ಮ ಮನೆಯಲ್ಲಿ ಆಡಬಾರದ ಮಾತು. ಅವನು ನನ್ನ ಕಡೆ ನೋಡಿದ.

"ಗಿರಿಜಾ, ತಟ್ಟಿ ಕೆಳಗಿಡು. ಇಲ್ಲಿ ಕೈ ಕೊಡು."

ನಾನು ನನ್ನ ಅಂಗೈಯನ್ನು ಅವನ ಅಂಗೈಯ ಕೆಳಗೆ ಇಟ್ಟೆ. ಅದು ಬೆಚ್ಚಗೆ, ಸೀಮೆಎಣ್ಣೆಯ ವಾಸನೆಯೊಂದಿಗೆ, ನಿದ್ದೆ ಹೋದ ಮಗುವಿನ ತಲೆಯಷ್ಟು ಭಾರವಾಗಿತ್ತು. ಪೂಜೆ ಮುಗಿಯುವ ತನಕ ಹಾಗೇ ಹಿಡಿದೆ.

"ನಿಮ್ಮವ್ವಗ ಹೇಳಬ್ಯಾಡ. ಸುಮ್ನೆ ಗಾಬರಿ ಆಗ್ತಾಳೆ. ನಾಕು ದಿನ, ಸರಿ ಹೋಗ್ತೈತೆ."

ನಾಲ್ಕು ದಿನ ಕಳೆದು ತಿಂಗಳಾಯಿತು. ಅವ್ವ ಆ ಹೊತ್ತಿಗೆ ನಲ್ಲಿಯ ಸರದಿಯಲ್ಲಿ ಇರುತ್ತಿದ್ದುದರಿಂದ ನಮ್ಮ ಗುಟ್ಟು ಗುಟ್ಟಾಗಿಯೇ ಉಳಿಯಿತು. ನನಗೆ ಭಯಕ್ಕಿಂತ ಹೆಚ್ಚಾಗಿ ಒಂದು ಹೆಮ್ಮೆಯಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅಪ್ಪನ ಕೈಗೂ ಎಡಕ್ಕೆ ಹೋಗುವ ಗಾಡಿಗಳಿಗೂ ನಂಟಿದೆ ಎಂದು ನನಗೆ ಆಗ ಹೊಳೆದಿರಲಿಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ದಾರದ ತುದಿ ಹಿಡಿದು ಬೆಳೆದ ಹುಡುಗಿಗೆ ಅದು ಹೊಳೆಯಲಿಲ್ಲ ಎಂದರೆ ಎಷ್ಟು ನಿಜವೋ.

ಆಗ ಕೊಕ್ಕನೂರಿನ ಗೌಡರು ಬಂದರು. ಅವರು ಅಪ್ಪನ ಬಹಳ ಹಳೆಯ ಗಿರಾಕಿ, ಬಿಳಿ ಫಿಯೆಟ್ಟಿನ ಯಜಮಾನರು, ಬಂದಾಗಲೆಲ್ಲ ನನಗೆ ಮಂಡಕ್ಕಿ ಮಿರ್ಚಿ ಕೊಡಿಸುತ್ತಿದ್ದವರು. ವಾರದ ಹಿಂದೆ ಅಪ್ಪ ಅವರ ಗಾಡಿಯ ಎಡ ಎಳೆತವನ್ನು ಸರಿಮಾಡಿ ಕಳಿಸಿದ್ದ. ಅಂದು ಅವರು ಸ್ಟೂಲಿನ ಮೇಲೆ ಕೂರಲಿಲ್ಲ.

"ಮಿಸ್ತ್ರಿ, ಮೊದ್ಲು ಗಾಡಿ ಚೊಲೋ ಇತ್ತಲ್ಲೋ. ಈಗ ಬಲಕ್ಕ ಹೋಗ್ತೈತೆ. ನಿನ್ನೆ ಹರಿಹರದ ಹತ್ರ ನಸ್ಯ ಏರ್ಸಾಕಂತ ಒಂದು ಕೈ ಬಿಟ್ಟೆ, ನೆಟ್ಟಗೆ ಲಾರಿ ಮಾರಿಗೇ ಹೊಂಟಿತ್ತು. ಹಿಂದೆ ಮೊಮ್ಮಗ ಇದ್ದ."

"ಇರಲಾರದು ಗೌಡ್ರೆ. ನಾ ನಾಕು ಸರ್ತಿ ಓಡ್ಸಿ ನೋಡೀನಿ."

"ಏನೋಪ್ಪಾ. ನಿನ್ನ ಕೈಯಾಗ ಊರಾಗಿನ ಗಾಡಿ ಎಲ್ಲಾ ಎಡಕ್ಕ ಹೋಗ್ತಾವಂತೆ, ಮನಿಗೆ ಹೋದಮ್ಯಾಲೆ ಬಲಕ್ಕ ಹೋಗ್ತಾವಂತೆ. ಬಸ್ ಸ್ಟ್ಯಾಂಡಿನಾಗ ಜನ ನಗಾಕತ್ಯಾರೆ."

ಗಾಡಿಯನ್ನು ಬಿಟ್ಟು ಅವರು ಬಸ್ಸಿಗೆ ಹೋದರು. ಅಪ್ಪ ಅದನ್ನು ಒಬ್ಬನೇ ಓಡಿಸಿಕೊಂಡು ಬಂದು, ನೆಟ್ಟಗೇ ಇದೆ, ಗೌಡರಿಗೆ ವಯಸ್ಸಾಯಿತು ಎಂದ. ಎದುರಿನ ಲಾರಿ, ಹಿಂದಿನ ಸೀಟಿನ ಮಗು ನನ್ನ ತಲೆಯಿಂದ ಹೋಗಲಿಲ್ಲ. ಅದರ ಹಿಂದೆಯೇ ಅವ್ವನಿಗೆ ಎಲ್ಲವೂ ತಿಳಿಯಿತು. ಅದು ಹೇಗೆ ತಿಳಿಯಿತು ಎನ್ನುವುದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ, ಎರಡೂ ಸ್ಪಷ್ಟವಾಗಿವೆ. ಒಂದರಲ್ಲಿ ನಾನು ಒಲೆಯ ಪಕ್ಕ ನಿಂತು, ಅವ್ವನ ಸೆರಗು ಹಿಡಿದು, ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಇನ್ನೊಂದರಲ್ಲಿ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಾರದೆ ಅವ್ವ ಬೇಗ ಮರಳಿ, ಖಾಲಿ ಕೊಡ ಹಿಡಿದು ಹೊಸ್ತಿಲಲ್ಲಿ ನಿಂತು, ಅಪ್ಪನ ಅಂಗೈಯ ಕೆಳಗೆ ನನ್ನ ಅಂಗೈ ಇರುವುದನ್ನು ನೋಡುತ್ತಾಳೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಒಂದರಲ್ಲಿ ನಾನು ಅಪ್ಪನ ಮಾತು ಮುರಿದವಳು, ಇನ್ನೊಂದರಲ್ಲಿ ಲಾರಿಯ ಸುದ್ದಿ ಕೇಳಿದ ಮೇಲೂ ಸುಮ್ಮನೆ ಕೈ ಹಿಡಿದು ಕುಳಿತವಳು.

ಅವ್ವ ಕೂಗಾಡಲಿಲ್ಲ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ ಎದುರು ಕುಳಿತಳು.

"ಟೈರು ಬದಲಿ ಮಾಡಿ ನೋಡಿದ್ರಿ. ರಸ್ತೆ ಬದಲಿ ಮಾಡಿ ನೋಡಿದ್ರಿ. ಒಂದು ಮಾತ್ರ ಬದಲಿ ಮಾಡಿಲ್ಲ."

"ಏನು?"

"ಹೊಡೆಯೋರ್ನ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನಿಗೆ ಸಿಟ್ಟು ಬಂದದ್ದು ಕಿವಿಯ ತುದಿಯಲ್ಲಿ ಕಾಣುತ್ತಿತ್ತು. "ನಿಂಗೇನ್ ಗೊತ್ತು ಗಾಡಿ ಸುದ್ದಿ?" ಎಂದ. "ನನಗ್ ಗಾಡಿ ಸುದ್ದಿ ಗೊತ್ತಿಲ್ಲ," ಎಂದಳು ಅವ್ವ, "ನೀವು ಹೇಳಿದ್ದಷ್ಟೇ ಗೊತ್ತು. ಒಂದು ಸರ್ತಿಗೆ ಒಂದು ಬದಲಿ ಮಾಡು ಅಂದೋರು ನೀವೇ." ಅಪ್ಪ ಕೈ ತೊಳೆದು ಎದ್ದುಹೋದ. ಎರಡು ದಿನ ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು: ನಿಮ್ಮಪ್ಪಗ ಸಾರು ಬೇಕೇನು ಕೇಳು, ನಿಮ್ಮವ್ವಗ ಸಾಕು ಅಂತ ಹೇಳು.

ಭಾನುವಾರ ಹರಿಹರದಿಂದ ಸಿದ್ದಣ್ಣ ಮಾಮ ಬಂದ. ಅವ್ವನ ತಮ್ಮ; ಗುತ್ತೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಡ್ರೈವರ್. ಅವ್ವ ಹೇಳಿ ಕಳಿಸಿದ್ದಳು ಎನ್ನುವುದು ಅಪ್ಪನಿಗೂ ಗೊತ್ತಿತ್ತು. ಆದರೂ ಅವನು ಕೀಲಿ ಕೊಟ್ಟ. ಗೌಡರ ಫಿಯೆಟ್ಟಿನಲ್ಲಿ ನಾವು ನಾಲ್ವರೂ ಹೊರಟೆವು: ಮಾಮನ ಕೈಯಲ್ಲಿ ಗಾಡಿ, ಪಕ್ಕದಲ್ಲಿ ಅಪ್ಪ, ಹಿಂದೆ ಅವ್ವ ಮತ್ತು ನಾನು. ಊರು ದಾಟಿ ರಸ್ತೆ ಖಾಲಿಯಾದಾಗ ಮಾಮ ವೇಗ ಇಳಿಸಿ, ನಡುರಸ್ತೆಗೆ ತಂದು, ಎರಡೂ ಕೈ ಮೇಲೆತ್ತಿದ.

"ಏ ಸಿದ್ದಾ, ಹಿಂದೆ ನಿಮ್ಮಕ್ಕ ಅದಾಳಪ್ಪೋ," ಎಂದ ಅಪ್ಪ.

"ಅವನ್ದು ಆಣೆ ಆಗಿಲ್ಲ ಬಿಡ್ರಿ," ಎಂದಳು ಅವ್ವ.

ಗಾಡಿ ಸ್ವಲ್ಪ ಹೊತ್ತು ಯೋಚಿಸಿದಂತೆ ನೆಟ್ಟಗೆ ಹೋಗಿ, ಆಮೇಲೆ ಬಲಕ್ಕೆ ಸರಿಯಿತು. ಮಾಮ ಸ್ಟೀರಿಂಗ್ ಹಿಡಿದು ನೇರಮಾಡಿ ಮತ್ತೆ ಬಿಟ್ಟ. ಮತ್ತೆ ಬಲಕ್ಕೆ. "ಭಾವ, ಬಲಕ್ಕ ಎಳೀತೈತೆ, ಸುಳ್ಳಲ್ಲ," ಎಂದ. ಅಪ್ಪ ಇಳಿದು ಬಂದು ತಾನು ಕುಳಿತ. ಅದೇ ಗಾಡಿ, ಅದೇ ರಸ್ತೆ, ಅದೇ ಗಾಳಿ. ಅಂಗೈಗಳನ್ನು ಎರಡು ಮಗ್ಗುಲಿಗೆ ತಾಗಿಸಿಟ್ಟ. ಗಾಡಿ ದಾರ ಹಿಡಿದಂತೆ ನೆಟ್ಟಗೆ ಹೋಯಿತು.

"ನೋಡು," ಎಂದ ಅಪ್ಪ. ಅದನ್ನು ಗೆದ್ದವನಂತೆ ಶುರುಮಾಡಿದ. ಆದರೆ ಆ ಒಂದೇ ಮಾತು ಮುಗಿಯುವುದರೊಳಗೆ ದನಿ ಇಳಿದಿತ್ತು. ಅವನು ಎಡಗೈಯನ್ನು ಮಾತ್ರ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಬಲ ಅಂಗೈಯ ಕೆಳಗೆ ಸ್ಟೀರಿಂಗ್ ಮೆಲ್ಲಗೆ ತಿರುಗಿ ಗಾಡಿ ಬಲಕ್ಕೆ ಹೊರಟಿತು. ಎಡಗೈಯನ್ನು ತಂದಿಟ್ಟ, ನೆಟ್ಟಗಾಯಿತು. ಎತ್ತಿದ, ಬಲಕ್ಕೆ. ಮೂರು ಸಲ ಮಾಡಿದ. ಆ ಕೈ ಸ್ಟೀರಿಂಗಿಗೆ ತಾಗಿ ನಿಂತಿರಲಿಲ್ಲ, ಜೋತುಬಿದ್ದಿತ್ತು. ಅದು ಎಳೆದಷ್ಟನ್ನು ಅವನು ಗಾಡಿಯ ಎಳೆತವೆಂದುಕೊಂಡು, ಒಳ್ಳೆಯ ಗಾಡಿಯೊಂದನ್ನು ತನ್ನ ಕೈಯ ದೋಷಕ್ಕೆ ಹೊಂದಿಸಿ ಕಳಿಸಿದ್ದ. ಒಂದಲ್ಲ, ತಿಂಗಳಿನ ಗಾಡಿಗಳೆಲ್ಲವನ್ನೂ. ಎಡಕ್ಕೆ ಹೋಗುವ ಗಾಡಿ ಮಣ್ಣಿಗೆ ಇಳಿಯುತ್ತದೆ. ಬಲಕ್ಕೆ ಹೋಗುವುದು ಎದುರಿನ ಲಾರಿಗೆ. ಅಪ್ಪ ಗಾಡಿಯನ್ನು ಒಂದು ಜಾಲಿಮರದ ಕೆಳಗೆ ನಿಲ್ಲಿಸಿದ. ಜಾಲಿಮರವೋ ಬೇವೋ, ಅದನ್ನೂ ಪ್ರಮಾಣ ಮಾಡಿ ಹೇಳಲಾರೆ. ಅವನು ಹೇಳಿದ್ದು ಮಾತ್ರ ಇಷ್ಟು:

"ಸಿದ್ದಾ, ಮನಿ ತನಕ ನೀನೇ ಹೊಡಿ."

ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಗಾಡಿಯ ಕೆಳಗೆ ಮಲಗಿ ಕತ್ತು ಹೊರಳಿಸಿದ ವರ್ಷಗಳ ಫಲ ಎಂದರು ಡಾಕ್ಟರು. ಇನ್ನೂ ತಡಮಾಡಿದ್ದರೆ ಕೈ ಪೂರ್ತಿ ಹೋಗುತ್ತಿತ್ತು ಎಂದೂ ಹೇಳಿದರು. ಆದರೆ ಅಪ್ಪ ಆಸ್ಪತ್ರೆಗೆ ಹೋದದ್ದು ಆ ಗಾಡಿಗಳನ್ನು ಸರಿಮಾಡಿದ ಮೇಲೆ. ಯಾರ್ಯಾರ ಗಾಡಿ ಮುಟ್ಟಿದ್ದೆ ಎಂದು ಅವ್ವನಿಂದ ಹೇಳಿಸಿ ನೆನಪುಮಾಡಿಕೊಂಡು, ಮಾಮನನ್ನು ಜೊತೆ ಕರೆದುಕೊಂಡು ಒಬ್ಬೊಬ್ಬರ ಮನೆಗೂ ಹೋದ. ತಗಡಿನ ಚೂರುಗಳನ್ನು ತೆಗೆದ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಇನ್ನೊಬ್ಬರು ಬೈಯಲಿಲ್ಲ, ಮತ್ತೆ ಬರಲೂ ಇಲ್ಲ. ಗೌಡರ ಫಿಯೆಟ್ಟನ್ನು ಸರಿಮಾಡಿ ಕೊಕ್ಕನೂರಿಗೆ ಮುಟ್ಟಿಸಲು ಹೋದಾಗ ನಾನೂ ಜೊತೆಗಿದ್ದೆ.

"ಗೌಡ್ರೆ, ನಿಮ್ ಗಾಡಿ ಸುದ್ದ ಇತ್ತು. ನನ್ನ ಎಡಗೈ ಸುದ್ದ ಇರಲಿಲ್ಲ. ಮೊದ್ಲು ಹೆಂಗಿತ್ತೋ ಹಂಗ ಮಾಡೀನಿ. ನಿಮ್ ಮೊಮ್ಮಗಗ ಏನಾರ ಆಗಿದ್ರೆ..."

ಗೌಡರು ಅಪ್ಪನ ಕೈಯನ್ನು ನೋಡಿದರು.

"ಸುಳ್ಳು ಹೇಳಿ ಗೌಡಗ ಕಣ್ಣು ಕಾಣ್ಸಲ್ಲ ಅನ್ನಬಹುದಿತ್ತಲ್ಲೋ."

"ಅಂದಿದ್ದೆ ಗೌಡ್ರೆ. ಮನಿಯಾಗ ಅಂದಿದ್ದೆ."

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೂಡ್ರು ಬಾ, ಮಜ್ಜಿಗಿ ಕುಡಿ. ಆಮ್ಯಾಲೆ ನಾ ಹೊಡೀತೀನಿ, ನೀ ಪಕ್ಕಕ್ಕ ಕುಂತು ಹೇಳು. ಕೈ ಹೋದ್ರ ಕುಂಡಿ ಐತಲ್ಲ, ಅದಕ್ಕೂ ತಿಳೀತೈತೆ ಗಾಡಿ."

ಅಪ್ಪ ಮುಂದೆಯೂ ಗ್ಯಾರೇಜು ನಡೆಸಿದ. ಕೈ ಅರ್ಧ ಮರಳಿತು. ಪರೀಕ್ಷೆಗೆ ಹೊರಟಾಗ ಅವನು ಎಡಗಡೆಯ ಸೀಟಿನಲ್ಲಿ ಕುಳಿತು ಗಾಡಿಯ ಯಜಮಾನರಿಂದಲೇ ಓಡಿಸುತ್ತಿದ್ದ, ಏನೆನಿಸುತ್ತದೆ ಎಂದು ಅವರನ್ನೇ ಕೇಳುತ್ತಿದ್ದ. ಮೊದಲಿನ ಹೆಸರು ಪೂರ್ತಿ ಮರಳಲಿಲ್ಲ. ಬೆಳಗಿನ ಗುಟ್ಟಿನ ಬಗ್ಗೆ ಅವನು ನನ್ನನ್ನು ಯಾವತ್ತೂ ಏನೂ ಕೇಳಲಿಲ್ಲ. ನೀನು ಹೇಳಿದೆಯಾ ಎಂದು ಅವನು ಕೇಳಿದ್ದರೆ ನನ್ನ ಎರಡು ನೆನಪುಗಳಲ್ಲಿ ಒಂದು ಅಂದೇ ಸಾಯುತ್ತಿತ್ತು. ಅವನು ತೀರಿಕೊಂಡು ಬಹಳ ವರ್ಷವಾಗಿದೆ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ, ಇದೇ ಊರಿನಲ್ಲಿ. ಅವಳನ್ನು ಕೇಳಲು ನಾನು ಇಷ್ಟು ಕಾಲ ಹೆದರಿದೆ. ಈ ಅಧ್ಯಾಯ ಬರೆಯಲು ಕುಳಿತ ಮೇಲೆ ಕೇಳದೆ ಬೇರೆ ದಾರಿಯಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಅವಳು ದಿಂಬಿಗೆ ಒರಗಿದ್ದಳು. ನನ್ನ ಎರಡೂ ನೆನಪುಗಳನ್ನು ಹೇಳಿ, ಯಾವುದು ನಿಜ ಎಂದೆ.

"ಎರಡೂ ಅಲ್ಲ," ಎಂದಳು. "ನೀ ಹೇಳಲಿಲ್ಲ. ನಾ ನೋಡಲೂ ಇಲ್ಲ. ಗೌಡ್ರು ಹೋದಮ್ಯಾಲೆ ರೊಟ್ಟಿ ಬಡಿತಿದ್ದೆ. ನೀ ಬಂದು ಪಕ್ಕಕ್ಕ ನಿಂತಿ. ನಿಮ್ಮಪ್ಪನ ಕೈಗೆ ಏನಾಗೈತೆ ಅಂತ ಸುಮ್ನೆ ಕೇಳ್ದೆ. ನೀ ಬಾಯಿ ಬಿಡಲಿಲ್ಲ. ಹುಟ್ಟಿದಾಗ್ಲಿಂದ ಒಂದು ಗಳಿಗೆ ಬಾಯಿ ಮುಚ್ಚಿದಾಕಿ ಅಲ್ಲ ನೀನು. ಆವತ್ತು ಸುಮ್ನೆ ನಿಂತಿ ನೋಡು, ಅಷ್ಟಕ್ಕೇ ನನಗ ತಿಳೀತು, ಕೈಗೆ ಏನೋ ಆಗೈತೆ ಅಂತ."

"ಆಮೇಲೆ?"

"ಆಮ್ಯಾಲೇನು? ನೀ ಅತ್ತಿ. ನನಗೆಲ್ಲಿ ಅಳಾಕ ಪುರಸೊತ್ತು, ಹಂಚಿನ ಮ್ಯಾಲೆ ರೊಟ್ಟಿ ಇತ್ತು."